ಯೂಸರ್ ಮೋಡ್ ಲಿನಕ್ಸ್: ಲಾಗಿನ್ ಬರುತ್ತಿಲ್ಲ, ಸೀರಿಯಲ್ ತೆರೆಯುತ್ತಿಲ್ಲ, ನೆಟ್‌ವರ್ಕ್ ಏಳುತ್ತಿಲ್ಲ

ಬೂಟ್‌ಬೇತಾಳ:

ಯೂಸರ್ ಮೋಡ್ ಲಿನಕ್ಸ್ (ಯುಎಂಎಲ್), ಅಂದರೆ ಲಿನಕ್ಸ್ ಕರ್ನಲ್ಲನ್ನೇ ಸಾಮಾನ್ಯ ಪ್ರೋಗ್ರಾಂನಂತೆ ಓಡಿಸುವುದು, ಪ್ರಯೋಗಿಸುತ್ತಿದ್ದೇನೆ. ಹೊರಗಿನ ಯಂತ್ರ ಹೋಸ್ಟ್, ಒಳಗೆ ಓಡುವುದು ಗೆಸ್ಟ್. ಹೋಸ್ಟ್ ಡೆಬಿಯನ್ 12. ಗೆಸ್ಟ್ ಕರ್ನಲ್ 6.1, ಮೇಕ್ ಆರ್ಚ್=ಯುಎಂ ಡೆಫ್‌ಕಾನ್ಫಿಗ್ ಕೊಟ್ಟು ಕಟ್ಟಿದ್ದು. ರೂಟ್ ಇಮೇಜ್ (ಗೆಸ್ಟ್‌ನ ಡಿಸ್ಕ್ ಕಡತ) ಡೆಬಿಯನ್ ಕಟ್ಟಿಕೊಡುವ ಡೆಬೂಟ್‌ಸ್ಟ್ರಾಪ್‌ನಿಂದ, ಒಳಗೆ ಸೇವೆಗಳನ್ನು ಎಬ್ಬಿಸಲು ಸಿಸ್ಟಮ್‌ಡಿ ಇದೆ. ಓಡಿಸುವ ಸಾಲು ಇದು:

./ಲಿನಕ್ಸ್ ಮೆಮ್=512ಎಂ ಯುಬಿಡಿ0=ರೂಟ್.ಐಎಂಜಿ ರೂಟ್=/ಡೆವ್/ಯುಬಿಡಿಎ ಆರ್‌ಡಬ್ಲ್ಯೂ ಕಾನ್0=ಎಫ್‌ಡಿ:0,ಎಫ್‌ಡಿ:1 ಎಸ್‌ಎಸ್‌ಎಲ್0=ಪಿಟಿವೈ ಈಥ್0=ಟನ್‌ಟ್ಯಾಪ್,,,192.168.100.1

ಬೂಟ್ ಸಂದೇಶಗಳೆಲ್ಲ ಚೆನ್ನಾಗಿ ಬರುತ್ತವೆ, ಕೊನೆಗೆ ಲಾಗಿನ್ ಮಾತ್ರ ಬರುವುದಿಲ್ಲ. ಎಂಟರ್ ಒತ್ತಿದರೂ ಅಲ್ಲಾಡುವುದಿಲ್ಲ. ಸೀರಿಯಲ್ 0 ತೆರೆಯಲು ಆಗಲಿಲ್ಲ ಎಂಬ ದೋಷ ಬೇರೆ. ಗೆಸ್ಟ್‌ನ ಬೂಟ್ ಸ್ಕ್ರಿಪ್ಟ್ ಈಥ್0 ಅಪ್ ಮಾಡಲು ಹೋಗಿ ಸೋಲುತ್ತದೆ. ಲಾಗ್‌ನಲ್ಲಿ ‘ವರ್ಚುವಲ್ ಕನ್ಸೋಲ್ 1ಕ್ಕೆ /ಡೆವ್/ಪಿಟಿಎಸ್/5 ಕೊಡಲಾಗಿದೆ’ ಎಂಬರ್ಥದ ಸಾಲೊಂದಿದೆ, ಅದರ ತಲೆಬುಡ ಗೊತ್ತಾಗಲಿಲ್ಲ. ಮೂರಕ್ಕೂ ಒಂದೇ ಕಾರಣವೇ?

ಟರ್ಮಿನಲ್_ತಿಮ್ಮಿ:

ಕಾರಣ ಮೂರು ಬೇರೆ ಬೇರೆ. ಆದರೆ ತಲೆಬುಡ ಗೊತ್ತಾಗದ ಆ ಸಾಲಿನಲ್ಲೇ ಮೊದಲನೆಯದಕ್ಕೆ ಉತ್ತರ ಇದೆ. ಲಾಗಿನ್ ಬಂದಿದೆ, ನೀವು ನೋಡುತ್ತಿರುವ ಕಿಟಕಿಯಲ್ಲಿ ಬಂದಿಲ್ಲ ಅಷ್ಟೆ. ಹೋಸ್ಟ್‌ನಲ್ಲಿ ಇನ್ನೊಂದು ಟರ್ಮಿನಲ್ ತೆರೆದು ‘ಸ್ಕ್ರೀನ್ /ಡೆವ್/ಪಿಟಿಎಸ್/5’ ಕೊಟ್ಟು ಎಂಟರ್ ಒತ್ತಿ.

ಯುಎಂಎಲ್‌ನಲ್ಲಿ ಪ್ರತಿ ಸಾಧನದ ಸೂಚನೆಗೂ ಎರಡು ಮಗ್ಗುಲು. ಸಮ ಚಿಹ್ನೆಯ ಎಡಕ್ಕಿರುವುದು ಗೆಸ್ಟ್‌ಗೆ ಕಾಣುವ ಸಾಧನ: ಕಾನ್0 ಅಂದರೆ ಒಳಗಿನ ಟಿಟಿವೈ0, ಕಾನ್1 ಅಂದರೆ ಟಿಟಿವೈ1, ಎಸ್‌ಎಸ್‌ಎಲ್0 ಅಂದರೆ ಟಿಟಿವೈಎಸ್0. (ಈ ಎಸ್‌ಎಸ್‌ಎಲ್‌ಗೂ ವೆಬ್‌ನ ಗೂಢಲಿಪಿಗೂ ಸಂಬಂಧವೇ ಇಲ್ಲ, ಸೀರಿಯಲ್ ಲೈನು ಅಷ್ಟೆ.) ಬಲಕ್ಕಿರುವುದು ಹೋಸ್ಟ್‌ನಲ್ಲಿ ಅದರ ತಂತಿ ಎಲ್ಲಿಗೆ ಹೋಗಬೇಕು ಎಂಬುದು, ಅಂದರೆ ಚಾನಲ್. ಕಾನ್ ಒಟ್ಟು 16, ಸೀರಿಯಲ್ ಲೈನ್ 64 ಇವೆ. ಸಂಖ್ಯೆ ಇಲ್ಲದೆ ಬರೀ ‘ಕಾನ್=’ ಎಂದು ಬರೆದರೆ ಪ್ರತ್ಯೇಕವಾಗಿ ಹೆಸರಿಸದ ಎಲ್ಲವಕ್ಕೂ ಅದು ಅನ್ವಯಿಸುತ್ತದೆ. ಮೊದಲು ಬರೆದಿರೋ ಕೊನೆಗೆ ಬರೆದಿರೋ ಎಂಬುದು ಮುಖ್ಯವಲ್ಲ.

ನೀವು ಕಾನ್0 ಒಂದನ್ನೇ ಹೇಳಿದ್ದೀರಿ. ಉಳಿದ 15ಕ್ಕೂ ಕರ್ನಲ್ ಕಟ್ಟುವಾಗ ಕೂತ ಪೂರ್ವನಿಗದಿಯೇ ಗತಿ, ಡೆಫ್‌ಕಾನ್ಫಿಗ್‌ನಲ್ಲಿ ಅದು ಪಿಟಿಎಸ್, ಅಂದರೆ ಹೋಸ್ಟ್‌ನ ಹುಸಿ ಟರ್ಮಿನಲ್. ಸಿಸ್ಟಮ್‌ಡಿ ತಾನಾಗಿ ಗೆಟ್ಟಿ (ಲಾಗಿನ್ ಕೇಳುವ ಪ್ರೋಗ್ರಾಂ) ಹೂಡುವುದು ಟಿಟಿವೈ1ರಲ್ಲಿ. ನಿಜವಾದ ಯಂತ್ರದಲ್ಲಿ ಟಿಟಿವೈ0 ಅಂದರೆ ‘ಈಗ ಕಣ್ಣ ಮುಂದಿರುವ ಪರದೆ’, ಅದಕ್ಕೇ ಅಲ್ಲಿ ಯಾರೂ ಗೆಟ್ಟಿ ಓಡಿಸುವುದಿಲ್ಲ. ಯುಎಂಎಲ್‌ನಲ್ಲಿ ಟಿಟಿವೈ0 ಕೂಡ ಉಳಿದವುಗಳಂತೆ ಒಂದು ಸಾಮಾನ್ಯ ಟರ್ಮಿನಲ್, ಈ ವ್ಯತ್ಯಾಸ ಸಿಸ್ಟಮ್‌ಡಿಗೆ ಗೊತ್ತಿಲ್ಲ. ಹೀಗಾಗಿ ಕರ್ನಲ್ ಸಂದೇಶ ನಿಮ್ಮ ಕಿಟಕಿಗೆ ಬಂತು, ಲಾಗಿನ್ ಪಿಟಿಎಸ್/5ಕ್ಕೆ ಹೋಯಿತು.

ಎರಡು ದಾರಿ ಇವೆ. ಇಮೇಜನ್ನು ಮೌಂಟ್ ಮಾಡಿ, ಕ್ರೂಟ್ ಆಗಿ (ಅದನ್ನೇ ರೂಟ್ ಡೈರೆಕ್ಟರಿ ಮಾಡಿಕೊಂಡು ಒಳಹೊಕ್ಕು) ‘ಸಿಸ್ಟಮ್‌ಸಿಟಿಎಲ್ ಎನೇಬಲ್ ಗೆಟ್ಟಿ@ಟಿಟಿವೈ0’ ಕೊಡಬಹುದು. ಅದಕ್ಕಿಂತ ಚೆನ್ನಾಗಿರುವುದು ಗೆಸ್ಟ್ ಅನ್ನು ಮುಟ್ಟದೆ ತಂತಿಯನ್ನೇ ಬದಲಿಸುವುದು:

ಕಾನ್=ನಲ್ ಕಾನ್0=ನಲ್,ಎಫ್‌ಡಿ:2 ಕಾನ್1=ಎಫ್‌ಡಿ:0,ಎಫ್‌ಡಿ:1

ಅಲ್ಪವಿರಾಮದ ಎಡಕ್ಕೆ ಇನ್‌ಪುಟ್, ಬಲಕ್ಕೆ ಔಟ್‌ಪುಟ್. ಎಫ್‌ಡಿ ಅಂದರೆ ಫೈಲ್ ಡಿಸ್ಕ್ರಿಪ್ಟರ್, ತೆರೆದ ಕಡತ ಅಥವಾ ಟರ್ಮಿನಲ್‌ನ ಸಂಖ್ಯೆ. ಕರ್ನಲ್ ಸಂದೇಶ ಎಫ್‌ಡಿ 2ಕ್ಕೆ, ಅಂದರೆ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತದೆ. ಲಾಗಿನ್ ನಿಮ್ಮ ಕೈಯಲ್ಲಿರುವ ಟರ್ಮಿನಲ್‌ಗೇ ಬರುತ್ತದೆ. ಸಾಲಿನ ಕೊನೆಗೆ 2>ಬೂಟ್.ಲಾಗ್ ಸೇರಿಸಿದರೆ ಕರ್ನಲ್ ಸಂದೇಶಗಳೆಲ್ಲ ಕಡತಕ್ಕೆ ಹೋಗಿ ಪರದೆ ಚೊಕ್ಕಟ.

ರೊಟ್ಟಿರೂಟ್:

ತಿಮ್ಮಿ ಅಕ್ಕಾರು ಹೇಳಿದ್ದು ಖರೆ ಐತಿ. ಎರಡನೇದು ನಾ ಹೇಳ್ತೀನಿ ನೋಡ್ರಿ.

ಪಿಟಿವೈ ಬ್ಯಾರೆ, ಪಿಟಿಎಸ್ ಬ್ಯಾರೆ. ಪಿಟಿವೈ ಅಂದ್ರ ಹಳೇ ಬಿಎಸ್‌ಡಿ ನಮೂನಿ ಜೋಡಿ, /ಡೆವ್/ಪಿಟಿವೈಪಿ0 ಅಂತ ಮೊದಲೇ ಮಾಡಿಟ್ಟ ನೋಡ್ ಬೇಕಾಗ್ತಾವು. ಈಗಿನ ಡಿಸ್ಟ್ರೋದಾಗ ಲೆಗಸಿ ಪಿಟಿವೈ ಅನ್ನೂದನ್ನ ಕರ್ನಲ್ ಕಟ್ಟುವಾಗನ ತೆಗೆದಿರ್ತಾರ, ನೋಡ್ ಇರೂದ ಇಲ್ಲ, ತೆರಿಯೂದು ಎಲ್ಲಿಂದ? ಪಿಟಿಎಸ್ ಅಂದ್ರ /ಡೆವ್/ಪಿಟಿಎಂಎಕ್ಸ್‌ನಿಂದ ಆಗಿಂದಾಗ ಹುಟ್ಟೂ ಯುನಿಕ್ಸ್98 ಜೋಡಿ. ಎಸ್‌ಎಸ್‌ಎಲ್0=ಪಿಟಿಎಸ್ ಅಂತ ಹಾಕ್ರಿ, ಮುಗೀತು. ಹಳೇ ಹೌ-ಟು ಓದಿ ಪಿಟಿವೈ ಬರ್ಯಾವ್ರು ಭಾಳ ಮಂದಿ.

ನಲ್ ಮತ್ತ ನನ್ ಇವೆರಡೂ ಒಂದ ಅನ್ಕೋಬ್ಯಾಡ್ರಿ. ನಲ್ ಕೊಟ್ರ ಸಾಧನ ಇರ್ತೈತಿ, ತೆರಿಲಿಕ್ಕೂ ಬರ್ತೈತಿ, ಬರದದ್ದು ಗಾಳಿಗೆ ಹೋಗ್ತೈತಿ, ಓದ್ಲಿಕ್ಕೆ ಹೋದಾವ ಕಾಯ್ಕೋತ ಕೂಡ್ತಾನ. ನನ್ ಕೊಟ್ರ ಗೆಸ್ಟ್‌ನಾಗ ಆ ಸಾಧನಾನ ಇರೂದಿಲ್ಲ. ಒಳಗ ಸೀರಿಯಲ್-ಗೆಟ್ಟಿ@ಟಿಟಿವೈಎಸ್0 ಎನೇಬಲ್ ಆಗಿದ್ದು, ಹೊರಗ ಎಸ್‌ಎಸ್‌ಎಲ್0=ನನ್ ಅಂತ ಕೊಟ್ಟಿದ್ರ ಸಿಸ್ಟಮ್‌ಡಿ ಆ ಸಾಧನಕ್ಕ 90 ಸೆಕೆಂಡ್ ಕಾಯ್ದು ಆಮ್ಯಾಲ ಕೈ ಬಿಡ್ತೈತಿ. ಬೂಟ್ ನಿಧಾನ ಆತು ಅಂತ ಡಿಸ್ಕ್ ಬೈಕೋತ ಕೂಡ್ತೀವಿ, ತಪ್ಪು ಇಲ್ಲಿರ್ತೈತಿ.

ಸೀರಿಯಲ್‌ಸುಬ್ಬ:

ಸೀರಿಯಲ್ ಬಗ್ಗೆ ಇನ್ನಷ್ಟು ಸೇರಿಸುತ್ತೇನೆ. ಟಿಟಿವೈಎಸ್0ರಲ್ಲಿ ‘ಎಸ್’ ದೊಡ್ಡಕ್ಷರ, ಮಿಕ್ಕಿದ್ದು ಸಣ್ಣದು. ಎಲ್ಲವನ್ನೂ ಸಣ್ಣಕ್ಷರದಲ್ಲಿ ಬರೆದರೆ ಕರ್ನಲ್ ದೂರುವುದಿಲ್ಲ, ಸುಮ್ಮನೆ ಕಡೆಗಣಿಸುತ್ತದೆ.

ಕರ್ನಲ್ ಸಂದೇಶಗಳೇ ಸೀರಿಯಲ್‌ಗೆ ಬರಬೇಕಿದ್ದರೆ ಎಸ್‌ಎಸ್‌ಎಲ್0ಗೆ ಚಾನಲ್ ಕೊಟ್ಟರೆ ಸಾಲದು, ‘ಕನ್ಸೋಲ್=ಟಿಟಿವೈಎಸ್0’ ಕೂಡ ಬೇಕು. ಹಾಗೆ ಕೊಟ್ಟರೆ ಇನ್ನೊಂದು ಲಾಭವಿದೆ: ಕರ್ನಲ್ ಕನ್ಸೋಲ್ ಸೀರಿಯಲ್ ಎಂದು ಕಂಡರೆ ಸಿಸ್ಟಮ್‌ಡಿ ತಾನೇ ಸೀರಿಯಲ್-ಗೆಟ್ಟಿ ಎಬ್ಬಿಸುತ್ತದೆ, ಏನನ್ನೂ ಎನೇಬಲ್ ಮಾಡಬೇಕಿಲ್ಲ. ಕನ್ಸೋಲ್= ಎರಡು ಬಾರಿ ಬರೆದರೆ ಸಂದೇಶ ಎರಡೂ ಕಡೆ ಬರುತ್ತದೆ, /ಡೆವ್/ಕನ್ಸೋಲ್ ಆಗುವುದು ಕೊನೆಯದು.

115200 ಎಂದೆಲ್ಲ ಬಾಡ್ ಬರೆಯುವ ಅಗತ್ಯವಿಲ್ಲ. ಇದರ ಹಿಂದೆ ಯುಎಆರ್‌ಟಿ ಚಿಪ್ ಇಲ್ಲ, ಬೈಟ್‌ಗಳು ಹೋಸ್ಟ್‌ನ ಫೈಲ್ ಡಿಸ್ಕ್ರಿಪ್ಟರ್‌ಗೆ ನೇರ ಹೋಗುತ್ತವೆ. ವೇಗ ಏನೇ ಇಟ್ಟರೂ ಫಲ ಒಂದೇ.

ಪಿಟಿಎಸ್ ಸಂಖ್ಯೆ ಪ್ರತಿ ಬೂಟ್‌ಗೂ ಬದಲಾಗುತ್ತದೆ, ಸ್ಕ್ರಿಪ್ಟ್‌ನಲ್ಲಿ 5 ಎಂದು ಬರೆದಿಟ್ಟರೆ ನಾಳೆ ಬೇರೆ ಯಾರದೋ ಟರ್ಮಿನಲ್‌ಗೆ ಕೈ ಹಾಕಿದಂತಾಗುತ್ತದೆ. ಸ್ಥಿರವಾದ ವಿಳಾಸ ಬೇಕಿದ್ದರೆ ಎಸ್‌ಎಸ್‌ಎಲ್0=ಪೋರ್ಟ್:9000 ಹಾಕಿ, ಹೋಸ್ಟ್‌ನಿಂದ ಟೆಲ್‌ನೆಟ್ ಲೋಕಲ್‌ಹೋಸ್ಟ್ 9000. ಇದಕ್ಕೆ ಹೋಸ್ಟ್‌ನಲ್ಲಿ ಟೆಲ್‌ನೆಟ್ ಸರ್ವರ್ ಮತ್ತು ಯುಎಂಎಲ್-ಯುಟಿಲಿಟೀಸ್ ಪ್ಯಾಕೇಜಿನ ಪೋರ್ಟ್-ಹೆಲ್ಪರ್ ಎರಡೂ ಇರಬೇಕು. ಎಕ್ಸ್‌ಟರ್ಮ್ ಚಾನಲ್ ಬಳಸುವುದೂ ಅದೇ ಪೋರ್ಟ್-ಹೆಲ್ಪರನ್ನೇ. ಎಸ್‌ಎಸ್‌ಎಚ್‌ನಲ್ಲಿ ಒಳಹೋಗಿ ಕಾನ್=ಎಕ್ಸ್‌ಟರ್ಮ್ ಕೊಟ್ಟರೆ ಡಿಸ್‌ಪ್ಲೇ ಇಲ್ಲದೆ ಏನೂ ತೆರೆಯದು. ಡಿಸ್‌ಪ್ಲೇ ಇರುವ ಕಡೆ, ಹಳೆಯ ಇನಿಟ್‌ಟ್ಯಾಬ್‌ನ ಗೆಸ್ಟ್ ಆದರೆ ಟಿಟಿವೈ1ರಿಂದ 6ರವರೆಗೆ ಆರು ಕಿಟಕಿ ಮುಖಕ್ಕೆ ರಾಚುತ್ತವೆ.

ಕಾನ್0=ಎಫ್‌ಡಿ:0,ಎಫ್‌ಡಿ:1 ಇಟ್ಟುಕೊಂಡು ಹಿನ್ನೆಲೆಯಲ್ಲಿ ಓಡಿಸಲು ಹೋಗಬೇಡಿ. ಟರ್ಮಿನಲ್‌ನಿಂದ ಓದಲು ಹೋದ ಕೂಡಲೇ ಹೋಸ್ಟ್ ಕರ್ನಲ್ ಅದನ್ನು ತಡೆದು ನಿಲ್ಲಿಸುತ್ತದೆ. ಸಿಸ್ಟಮ್‌ಡಿ ಸರ್ವಿಸ್ ಆಗಿ ಓಡಿಸುವಾಗ ಕಾನ್=ಪಿಟಿಎಸ್ ಅಥವಾ ನಲ್ ಕ್ಷೇಮ.

ಬೂಟ್‌ಬೇತಾಳ:

ತಿಮ್ಮಿಯವರ ಸಾಲು ಹಾಕಿದೆ, ಲಾಗಿನ್ ಬಂತು. ಎಸ್‌ಎಸ್‌ಎಲ್0=ಪಿಟಿಎಸ್ ಕೂಡ ಸರಿಹೋಯಿತು, ಧನ್ಯವಾದ. ಒಂದು ಅನುಮಾನ: ಎಸ್‌ಎಸ್‌ಎಲ್=ಪಿಟಿಎಸ್ ಎಂದರೆ 64 ಲೈನಿಗೂ ಹೋಸ್ಟ್‌ನಲ್ಲಿ 64 ಪಿಟಿಎಸ್ ಹುಟ್ಟುತ್ತವೆಯೇ?

ಟರ್ಮಿನಲ್_ತಿಮ್ಮಿ:

ಇಲ್ಲ. ಗೆಸ್ಟ್ ಒಳಗೆ ಯಾರಾದರೂ ಆ ಟಿಟಿವೈ ತೆರೆದಾಗ ಮಾತ್ರ ಹೋಸ್ಟ್ ಕಡೆಯ ಚಾನಲ್ ತೆರೆಯುತ್ತದೆ. ಗೆಟ್ಟಿ ಇಲ್ಲದ ಲೈನಿಗೆ ಪಿಟಿಎಸ್ ಕೂಡ ಇಲ್ಲ. ಲಾಗ್‌ನಲ್ಲಿ ಆ ಸಾಲು ಬಂದಿಲ್ಲ ಎಂದರೆ ಒಳಗೆ ಗೆಟ್ಟಿ ಓಡುತ್ತಿಲ್ಲ ಎಂದೇ ಅರ್ಥ, ಹೋಸ್ಟ್ ಕಡೆ ಹುಡುಕಿ ಉಪಯೋಗವಿಲ್ಲ. ‘ನೀವು ಕೇಳಿದ ಚಾನಲ್ ಯುಎಂಎಲ್‌ನಲ್ಲಿ ಸೇರಿಸಿಲ್ಲ’ ಎಂಬರ್ಥದ ಸಂದೇಶ ಬಂದರೆ ಮಾತ್ರ ಡಾಟ್ ಕಾನ್ಫಿಗ್ ತೆರೆದು ಪಿಟಿವೈ_ಚಾನ್, ಪೋರ್ಟ್_ಚಾನ್, ಎಕ್ಸ್‌ಟರ್ಮ್_ಚಾನ್ ‘ವೈ’ ಇವೆಯೇ ನೋಡಿ. ಪಿಟಿಎಸ್‌ಗೆ ಪ್ರತ್ಯೇಕ ಆಯ್ಕೆ ಇಲ್ಲ, ಪಿಟಿವೈ_ಚಾನ್‌ನಲ್ಲೇ ಎರಡೂ ಸೇರಿವೆ.

ಟ್ಯಾಪ್‌ತಿಪ್ಪೇಶ:

ಇನ್ನು ಮೂರನೆಯದು, ನೆಟ್‌ವರ್ಕ್. ಹೆಚ್ಚು ಜನ ಎಡವುವ ಜಾಗ ಇದೇ.

ನೀವು ಬರೆದ ಈಥ್0=ಟನ್‌ಟ್ಯಾಪ್ ಹಳೆಯ ಡ್ರೈವರಿನ ಪದ್ಧತಿ. ಟ್ಯಾಪ್ (ಹೋಸ್ಟ್‌ನಲ್ಲಿ ಹುಟ್ಟಿಸುವ ಹುಸಿ ನೆಟ್‌ವರ್ಕ್ ಕಾರ್ಡ್) ಹೆಸರು ಖಾಲಿ ಬಿಟ್ಟು ಹೋಸ್ಟ್ ಐಪಿ ಮಾತ್ರ ಕೊಟ್ಟರೆ ಅದು ಯುಎಂಎಲ್_ನೆಟ್ ಎಂಬ ಸೆಟ್‌ಯುಐಡಿ ರೂಟ್ ಸಹಾಯಕನನ್ನು ಕರೆಯುತ್ತದೆ. ಆ ಸಹಾಯಕ ಇಲ್ಲದಿದ್ದರೆ ಅಲ್ಲಿಗೇ ನಿಂತಿತು. ಇದ್ದರೂ ಅದು ಐಎಫ್‌ಕಾನ್ಫಿಗ್, ದಾರಿ ನಿಗದಿಸುವ ‘ರೂಟ್’ ಮುಂತಾದ ನೆಟ್-ಟೂಲ್ಸ್ ಆದೇಶಗಳನ್ನೇ ನಂಬಿದೆ, ಈಗಿನ ಡೆಬಿಯನ್‌ನಲ್ಲಿ ಅವು ತಾನಾಗಿ ಇರುವುದಿಲ್ಲ. ರೂಟ್ ಅಧಿಕಾರದ ಸಹಾಯಕನನ್ನು ಇಟ್ಟುಕೊಳ್ಳುವುದೂ ಒಳ್ಳೆಯದಲ್ಲ. ಅದನ್ನು ರಿಪೇರಿ ಮಾಡುತ್ತಾ ಕೂರಬೇಡಿ, ಬಿಟ್ಟುಬಿಡಿ. 2018ರಲ್ಲಿ ಕರ್ನಲ್‌ಗೆ ಸೇರಿದ ವೆಕ್ಟರ್ ಡ್ರೈವರ್ ಬಳಸಿ. ಕರ್ನಲ್ ದಾಖಲೆಯ ಪ್ರಕಾರವೇ ಹಳೆಯ ಟನ್‌ಟ್ಯಾಪ್ ಸುಮಾರು 500 ಮೆಗಾಬಿಟ್, ವೆಕ್ಟರ್ ಟ್ಯಾಪ್ 8 ಗಿಗಾಬಿಟ್‌ಗೂ ಮೇಲೆ.

ಮೊದಲು ಡಾಟ್ ಕಾನ್ಫಿಗ್‌ನಲ್ಲಿ ಯುಎಂಎಲ್_ನೆಟ್_ವೆಕ್ಟರ್ ಇದೆಯೇ ನೋಡಿ. ಡೆಫ್‌ಕಾನ್ಫಿಗ್‌ನಲ್ಲಿ ಇದ್ದೇ ಇರುತ್ತದೆ ಎಂದು ನಂಬಬೇಡಿ. ಇಲ್ಲದಿದ್ದರೆ ಮೇಕ್ ಆರ್ಚ್=ಯುಎಂ ಮೆನುಕಾನ್ಫಿಗ್‌ನಲ್ಲಿ ಆರಿಸಿ ಮತ್ತೆ ಕಟ್ಟಿ. ಪ್ರತಿ ಮೇಕ್‌ಗೂ ಆರ್ಚ್=ಯುಎಂ ಬೇಕು. ಒಮ್ಮೆ ಮರೆತರೆ ಅದು ಹೋಸ್ಟ್ ಆರ್ಕಿಟೆಕ್ಚರಿನ ಕಾನ್ಫಿಗ್ ಎಂದುಕೊಂಡು ಎಲ್ಲ ಕಲಸಿ ಹಾಕುತ್ತದೆ, ಆಗ ಮೇಕ್ ಎಂಆರ್‌ಪ್ರಾಪರ್ ಮಾಡಿ ಮೊದಲಿಂದ ಶುರು ಮಾಡಬೇಕು. ಅದು ಡಾಟ್ ಕಾನ್ಫಿಗನ್ನೂ ಅಳಿಸುತ್ತದೆ, ನಕಲು ಇಟ್ಟುಕೊಂಡಿರಿ.

ಹೋಸ್ಟ್‌ನಲ್ಲಿ ರೂಟ್ ಆಗಿ ಕೊಡಬೇಕಾದವು:

ಐಪಿ ಟನ್‌ಟ್ಯಾಪ್ ಆಡ್ ಡೆವ್ ಟ್ಯಾಪ್0 ಮೋಡ್ ಟ್ಯಾಪ್ ಯೂಸರ್ ನಿಮ್ಮ-ಲಾಗಿನ್-ಹೆಸರು
ಐಪಿ ಆಡರ್ ಆಡ್ 192.168.100.1/24 ಡೆವ್ ಟ್ಯಾಪ್0
ಐಪಿ ಲಿಂಕ್ ಸೆಟ್ ಟ್ಯಾಪ್0 ಅಪ್
ಸಿಸ್‌ಸಿಟಿಎಲ್ -ಡಬ್ಲ್ಯೂ ನೆಟ್.ಐಪಿವಿ4.ಐಪಿ_ಫಾರ್ವರ್ಡ್=1

ಹೊರಜಗತ್ತಿಗೆ ದಾರಿ ಬೇಕಿದ್ದರೆ ಐಪಿಟೇಬಲ್ಸ್‌ನ ನ್ಯಾಟ್ (ವಿಳಾಸ ಬದಲಿಸುವ) ಟೇಬಲ್‌ನಲ್ಲಿ, ಪೋಸ್ಟ್‌ರೂಟಿಂಗ್ ಸರಪಳಿಗೆ, ಮೂಲ 192.168.100.0/24, ಹೊರಹೋಗುವ ಕಾರ್ಡ್ ನಿಮ್ಮದು, ಗುರಿ ಮಾಸ್ಕರೇಡ್ ಎಂದು ಒಂದು ನಿಯಮ ಸೇರಿಸಿ. ಟ್ಯಾಪ್ ಹುಟ್ಟಿಸಲಷ್ಟೇ ರೂಟ್ ಬೇಕು. ಯೂಸರ್ ಹೆಸರು ಕೊಟ್ಟಿರುವುದರಿಂದ ಗೆಸ್ಟ್ ಅನ್ನು ಸಾಮಾನ್ಯ ಬಳಕೆದಾರನಾಗಿಯೇ ಓಡಿಸಿ.

ಕರ್ನಲ್ ಸಾಲಿನಲ್ಲಿ:

ವೆಕ್0:ಟ್ರಾನ್ಸ್‌ಪೋರ್ಟ್=ಟ್ಯಾಪ್,ಐಎಫ್‌ನೇಮ್=ಟ್ಯಾಪ್0,ಡೆಪ್ತ್=128,ಜಿಆರ್‌ಒ=1

ವೆಕ್0 ಆದಮೇಲೆ ಸಮ ಚಿಹ್ನೆ ಅಲ್ಲ, ಕೋಲನ್. ಕಾನ್, ಎಸ್‌ಎಸ್‌ಎಲ್ ಬರೆದ ಕೈ ಇಲ್ಲಿಯೂ ಸಮ ಚಿಹ್ನೆಯನ್ನೇ ಒತ್ತುತ್ತದೆ.

ಗೆಸ್ಟ್‌ನಲ್ಲಿ ಇಂಟರ್‌ಫೇಸ್ ಹೆಸರು ಈಥ್0 ಅಲ್ಲ, ವೆಕ್0. ಒಳಗಿನ ಇಂಟರ್‌ಫೇಸಸ್ ಕಡತದಲ್ಲಿ ಹಳೆಯ ಹೆಸರಿದ್ದರೆ ಬದಲಿಸಿ. ವಿಳಾಸ 192.168.100.2/24, ಗೇಟ್‌ವೇ 192.168.100.1.

ಕೆಡುವ ಜಾಗಗಳು: ಟ್ಯಾಪ್‌ನಲ್ಲಿ ತೊಂದರೆ ಇದ್ದರೂ ಬೂಟ್‌ನಲ್ಲಿ ಗೊತ್ತಾಗುವುದಿಲ್ಲ. ತಿಮ್ಮಿಯವರು ಕನ್ಸೋಲ್‌ಗೆ ಹೇಳಿದ್ದೇ ಇಲ್ಲಿಗೂ ಸಲ್ಲುತ್ತದೆ, ವೆಕ್0 ಅಪ್ ಆದ ಕ್ಷಣದಲ್ಲೇ ಹೋಸ್ಟ್‌ನ ಟ್ಯಾಪ್ ತೆರೆಯುವುದು. ಅಲ್ಲಿಯವರೆಗೆ ಹೋಸ್ಟ್‌ನಲ್ಲಿ ಟ್ಯಾಪ್0 ‘ನೋ-ಕ್ಯಾರಿಯರ್’ ಎಂದೇ ತೋರಿಸುತ್ತದೆ, ಗಾಬರಿ ಬೇಡ. ಅಪ್ ಮಾಡುವಾಗ ‘ಬ್ಯುಸಿ’ ಬಂದರೆ ಹಿಂದಿನ ಗೆಸ್ಟ್ ಇನ್ನೂ ಸತ್ತಿಲ್ಲ, ಒಂದು ಟ್ಯಾಪ್‌ಗೆ ಒಬ್ಬನೇ ಯಜಮಾನ. ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಬಂದರೆ ಟ್ಯಾಪ್ ಅನ್ನು ಮಲ್ಟಿ_ಕ್ಯೂ ಎಂದು ಹುಟ್ಟಿಸಿದ್ದೀರಾ ನೋಡಿ. ‘ಪರ್ಮಿಷನ್’ ದೋಷವಾದರೆ ಯೂಸರ್ ಹೆಸರು ತಪ್ಪಿದೆ.

ಐಪಿ ವಿಳಾಸಕ್ಕೆ ಪಿಂಗ್ ಹೋಗುತ್ತದೆ, ಹೆಸರು ಮಾತ್ರ ಸಿಗುವುದಿಲ್ಲ ಎಂದರೆ ಗೆಸ್ಟ್‌ನ ರಿಸಾಲ್ವ್.ಕಾನ್ಫ್ ತೆರೆಯಿರಿ. ಡೆಬೂಟ್‌ಸ್ಟ್ರಾಪ್ ಹೋಸ್ಟ್‌ನ ಕಡತವನ್ನೇ ನಕಲು ಮಾಡಿರುತ್ತದೆ. ಹೋಸ್ಟ್‌ನಲ್ಲಿ ಸಿಸ್ಟಮ್‌ಡಿ-ರಿಸಾಲ್ವ್ಡ್ ಇದ್ದರೆ ಅದರಲ್ಲಿ 127.0.0.53 ಇರುತ್ತದೆ, ಗೆಸ್ಟ್‌ನಲ್ಲಿ ಆ ವಿಳಾಸದಲ್ಲಿ ಯಾರೂ ಇಲ್ಲ.

ಮಲೆನಾಡ್_ಪೆಂಗ್ವಿನ್:

ಇದಕ್ಕಿಂತ ಬ್ರಿಜ್ ಸುಲಭವಲ್ಲವೇ? ಟ್ಯಾಪ್0 ಮತ್ತು ಹೋಸ್ಟ್‌ನ ಕಾರ್ಡ್ ಎರಡನ್ನೂ ಬಿಆರ್0ಗೆ ಸೇರಿಸಿದರೆ ಗೆಸ್ಟ್ ಮನೆಯ ರೌಟರಿನಿಂದ ನೇರ ಐಪಿ ಪಡೆಯುತ್ತದೆ. ನ್ಯಾಟ್, ಫಾರ್ವರ್ಡ್ ಯಾವ ರಗಳೆಯೂ ಇಲ್ಲ.

ಟ್ಯಾಪ್‌ತಿಪ್ಪೇಶ:

ತಂತಿಯ ಈಥರ್‌ನೆಟ್ ಆದರೆ ನಿಮ್ಮ ಮಾತು ಸರಿ. ವೈಫೈ ಆದರೆ ಆಗುವುದಿಲ್ಲ. ಆಕ್ಸೆಸ್ ಪಾಯಿಂಟ್ ತನ್ನಲ್ಲಿ ನೋಂದಾಯಿಸಿದ ಮ್ಯಾಕ್ ವಿಳಾಸದ ಫ್ರೇಮ್‌ಗಳನ್ನಷ್ಟೇ ಒಪ್ಪುತ್ತದೆ, ಗೆಸ್ಟ್‌ನ ಮ್ಯಾಕ್ ಅದಕ್ಕೆ ಅಪರಿಚಿತ. ಲ್ಯಾಪ್‌ಟಾಪ್ ಮೇಲೆ ಪ್ರಯೋಗ ಮಾಡುವವರು ನ್ಯಾಟ್‌ನಲ್ಲೇ ಇರುವುದು ಮೇಲು.

ಬ್ರಿಜ್ ಆಗಲಿ ನ್ಯಾಟ್ ಆಗಲಿ, ಹೋಸ್ಟ್‌ನಲ್ಲಿ ಕಂಟೇನರ್ ಓಡಿಸುವ ಡಾಕರ್ ಇದ್ದರೆ ಇನ್ನೊಂದು ಬಲೆ ಇದೆ. ಡಾಕರ್ ಐಪಿಟೇಬಲ್ಸ್‌ನ ಫಾರ್ವರ್ಡ್ ಸರಪಳಿಯ ನೀತಿಯನ್ನು ಡ್ರಾಪ್ ಮಾಡುತ್ತದೆ. ಗೆಸ್ಟ್‌ನಿಂದ ಹೋಸ್ಟ್‌ಗೆ ಪಿಂಗ್ ಸಲೀಸು, ಆಚೆಗೆ ಮಾತ್ರ ಒಂದು ಪ್ಯಾಕೆಟ್ಟೂ ದಾಟದು. ಡಾಕರ್-ಯೂಸರ್ ಸರಪಳಿಯಲ್ಲಿ ಟ್ಯಾಪ್0ರಿಂದ ಬರುವುದಕ್ಕೂ ಅದಕ್ಕೆ ಹೋಗುವುದಕ್ಕೂ ಅಕ್ಸೆಪ್ಟ್ ಸೇರಿಸಿ. ಬಿಆರ್_ನೆಟ್‌ಫಿಲ್ಟರ್ ಮಾಡ್ಯೂಲ್ ಏರಿದ್ದರೆ ಬ್ರಿಜ್‌ನ ಪ್ಯಾಕೆಟ್ಟುಗಳೂ ಇದೇ ಗೇಟಿನಲ್ಲಿ ಸಿಕ್ಕಿಬೀಳುತ್ತವೆ.

ರೂಢಿಯಾದಮೇಲೆ ಟ್ಯಾಪ್ ಅನ್ನು ಕೈಯಲ್ಲಿ ಹುಟ್ಟಿಸಬೇಡಿ, ಹೋಸ್ಟ್ ರೀಬೂಟ್ ಆದರೆ ಅಳಿದುಹೋಗುತ್ತದೆ. ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿಯ ಡಾಟ್ ನೆಟ್‌ಡೆವ್ ಕಡತದಲ್ಲಿ ಕೈಂಡ್=ಟ್ಯಾಪ್, ಅದರ ಟ್ಯಾಪ್ ಭಾಗದಲ್ಲಿ ಯೂಸರ್= ಬರೆದಿಟ್ಟರೆ ಸಾಕು.

ಕ್ಯೂಇಎಂಯು_ಕಿಟ್ಟಿ:

ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಕೆವಿಎಂ (ಪ್ರೊಸೆಸರ್‌ನ ವರ್ಚುವಲೀಕರಣ ಬಳಸುವ ಕರ್ನಲ್ ಸೌಲಭ್ಯ) ಇರುವ ಯಂತ್ರದಲ್ಲಿ ಕ್ಯೂಇಎಂಯು ಎಂಬ ಯಂತ್ರಾನುಕರಣ ಪ್ರೋಗ್ರಾಂಗೆ -ನೋಗ್ರಾಫಿಕ್ ಕೊಟ್ಟು, ಗೆಸ್ಟ್‌ಗೆ ಕನ್ಸೋಲ್=ಟಿಟಿವೈಎಸ್0 ಹಾಕಿದರೆ ಒಂದೇ ಕಿಟಕಿಯಲ್ಲಿ ಎಲ್ಲ ಬರುತ್ತದೆ. ಹೊರಬರಲು ಕಂಟ್ರೋಲ್-ಎ, ಆಮೇಲೆ ಎಕ್ಸ್. ನೆಟ್‌ವರ್ಕ್‌ಗೆ ಯೂಸರ್ ಮೋಡ್ ಸಾಕು, ರೂಟ್ ಬೇಡ: ಗೆಸ್ಟ್ 10.0.2.15, ಗೇಟ್‌ವೇ 10.0.2.2, ಡಿಎನ್‌ಎಸ್ 10.0.2.3. ಹೋಸ್ಟ್‌ಎಫ್‌ಡಬ್ಲ್ಯೂಡಿ=ಟಿಸಿಪಿ::2222-:22 ಸೇರಿಸಿದರೆ ಎಸ್‌ಎಸ್‌ಎಚ್ ಕೂಡ ಆಯಿತು. ಅಲ್ಲಿ ಪಿಂಗ್ ಬರಲಿಲ್ಲವೆಂದು ನೆಟ್‌ವರ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ, ಪೂರ್ವನಿಗದಿಯಲ್ಲಿ ಹೊರಗಿನ ಪಿಂಗ್ ಸಾಮಾನ್ಯವಾಗಿ ದಾಟುವುದಿಲ್ಲ. ಕರ್ಲ್‌ನಿಂದ ಪರೀಕ್ಷಿಸಿ.

ವರ್ಟಿಯೋ ಕನ್ಸೋಲ್, ಅಂದರೆ ಎಚ್‌ವಿಸಿ0, ವೇಗವೇನೋ ಹೌದು. ಆದರೆ ಅದು ಎದ್ದೇಳುವುದು ಪಿಸಿಐ, ವರ್ಟಿಯೋ ಎಲ್ಲ ಸಿದ್ಧವಾದಮೇಲೆ. ಅದಕ್ಕೂ ಮುಂಚೆ ಕರ್ನಲ್ ಪ್ಯಾನಿಕ್ ಆದರೆ ಪರದೆ ಖಾಲಿ. ಹೊಸ ಕರ್ನಲ್ ಪ್ರಯೋಗಕ್ಕೆ ಸೀರಿಯಲ್ಲೇ ಇರಲಿ, ಜೊತೆಗೆ ಅರ್ಲಿಪ್ರಿಂಟ್‌ಕೆ=ಸೀರಿಯಲ್.

ರೊಟ್ಟಿರೂಟ್:

ಕಿಟ್ಟಿ ಅವರ, ಕೆವಿಎಂ ಇದ್ದಲ್ಲಿ ನಿಮ್ಮ ಮಾತು ಒಪ್ತೀನ್ರಿ. ಬಾಡಿಗಿ ವಿಪಿಎಸ್‌ನಾಗ /ಡೆವ್/ಕೆವಿಎಂ ಭಾಳ ಕಡೆ ಇರೂದಿಲ್ಲ. ಅಲ್ಲಿ ಕ್ಯೂಇಎಂಯು ಪ್ರತಿ ಸೂಚನೆ ಅನುವಾದ ಮಾಡ್ಕೋತ ಆಮಿ ಹಂಗ ಹೋಗ್ತೈತಿ. ಯುಎಂಎಲ್ ಅಂದ್ರ ಒಂದು ಸಾಮಾನ್ಯ ಪ್ರೋಗ್ರಾಂ, ಜಿಡಿಬಿ ಹಚ್ಚಿ ಕರ್ನಲ್ಲನ್ನ ನೇರ ನೋಡಬಹುದು. ಜೆಫ್ ಡೈಕ್ ಇದನ್ನ ಶುರು ಮಾಡಿದ್ದು 1999ರಾಗ, 2.6ರಿಂದ ಮುಖ್ಯ ಮರದಾಗ ಐತಿ. ಈಗೂ ಕರ್ನಲ್‌ನ ಕೆ-ಯುನಿಟ್ ಪರೀಕ್ಷೆ ಸುಮ್ನ ಓಡಿಸಿದ್ರ ಅದು ಯುಎಂಎಲ್ ಮ್ಯಾಲ ಓಡ್ತೈತಿ.

ಇನ್ನೊಂದು ಸಾಮಾನು ಯಾರೂ ಹೇಳಲಿಲ್ಲ, ಎಂಕನ್ಸೋಲ್, ಅಂದ್ರ ಓಡೂ ಗೆಸ್ಟ್‌ನ್ನ ಹೊರಗಿಂದ ನಡೆಸೂ ಕನ್ಸೋಲ್. ಓಡಿಸುವಾಗ ಯುಎಂಐಡಿ=ಗೆಸ್ಟ್1 ಅಂತ ಕೊಡ್ರಿ. ಆಮ್ಯಾಲ ಹೋಸ್ಟ್‌ನಿಂದ ‘ಯುಎಂಎಲ್_ಎಂಕನ್ಸೋಲ್ ಗೆಸ್ಟ್1 ಕಾನ್ಫಿಗ್ ಕಾನ್1’ ಅಂದ್ರ ಆ ಕನ್ಸೋಲ್ ಯಾವ ಪಿಟಿಎಸ್‌ನಾಗ ಐತಿ ಅಂತ ಅದ ಹೇಳ್ತೈತಿ. ಸುಬ್ಬ ಅವರು ಹೇಳಿದ ಸಂಖ್ಯಾ ಬದಲಾಗೂ ತ್ರಾಸಿಗೆ ಇದ ಮದ್ದು, ಸ್ಕ್ರಿಪ್ಟ್‌ನಾಗ ಇದನ್ನ ಕೇಳಿ ತಗೋರಿ. ‘ಕಾನ್ಫಿಗ್ ಕಾನ್3=ಪಿಟಿಎಸ್’ ಅಂದ್ರ ಓಡೂ ಗೆಸ್ಟ್‌ಗೆ ಹೊಸಾ ಕನ್ಸೋಲ್ ಬರ್ತೈತಿ, ‘ರಿಮೂವ್ ಕಾನ್3’ ಅಂದ್ರ ಹೋಗ್ತೈತಿ, ಆದ್ರ ಯಾರಾರ ತೆರೆದಿಟ್ಟಿದ್ರ ಕೊಡೂದಿಲ್ಲ. ಗೆಸ್ಟ್ ಸಿಕ್ಕೊಂಡ್ರ ‘ಸಿಸ್‌ಆರ್‌ಕ್ಯೂ ಎಸ್’ ಡಿಸ್ಕ್ ಸಿಂಕ್ ಮಾಡಿ, ಆಮ್ಯಾಲ ‘ಹಾಲ್ಟ್’. ಹಾಲ್ಟ್ ಅಂದ್ರ ತಂತಿ ಕಿತ್ತಂಗ, ಒಳಗ ಶಟ್‌ಡೌನ್ ನಡಿಯೂದಿಲ್ಲ. ನೆಟ್ಟಗ ಮುಚ್ಚಬೇಕಂದ್ರ ‘ಸಿಎಡಿ’ ಕೊಡ್ರಿ, ಅದು ಒಳಗ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದಂಗ.

ಬೂಟ್‌ಬೇತಾಳ:

ಎಲ್ಲ ಎದ್ದು ನಿಂತಿದೆ. ಯೂಸರ್ ಹೆಸರು ತಪ್ಪಿದ್ದರಿಂದ ಒಮ್ಮೆ ಪರ್ಮಿಷನ್ ದೋಷ ಬಂತು, ತಿಪ್ಪೇಶ ಅವರು ಹೇಳಿದ ಹಾಗೇ. ಈಗಿನ ಸಾಲು:

./ಲಿನಕ್ಸ್ ಮೆಮ್=512ಎಂ ಯುಎಂಐಡಿ=ಗೆಸ್ಟ್1 ಯುಬಿಡಿ0=ರೂಟ್.ಐಎಂಜಿ ರೂಟ್=/ಡೆವ್/ಯುಬಿಡಿಎ ಆರ್‌ಡಬ್ಲ್ಯೂ ಕಾನ್=ನಲ್ ಕಾನ್0=ನಲ್,ಎಫ್‌ಡಿ:2 ಕಾನ್1=ಎಫ್‌ಡಿ:0,ಎಫ್‌ಡಿ:1 ಎಸ್‌ಎಸ್‌ಎಲ್0=ಪಿಟಿಎಸ್ ವೆಕ್0:ಟ್ರಾನ್ಸ್‌ಪೋರ್ಟ್=ಟ್ಯಾಪ್,ಐಎಫ್‌ನೇಮ್=ಟ್ಯಾಪ್0,ಡೆಪ್ತ್=128,ಜಿಆರ್‌ಒ=1 2>ಬೂಟ್.ಲಾಗ್

ಉಳಿದದ್ದು ಎರಡು. ಟ್ಯಾಪ್ ಮೇಲೆ ಡಿಎನ್‌ಎಸ್‌ಮಾಸ್ಕ್ ಕೂರಿಸಿ ಡಿಎಚ್‌ಸಿಪಿ (ಐಪಿ ತಾನಾಗಿ ಹಂಚುವ ಪದ್ಧತಿ) ಕೊಟ್ಟರೆ ಪ್ರತಿ ಬೂಟ್‌ಗೂ ಗೆಸ್ಟ್‌ಗೆ ಬೇರೆ ಐಪಿ. ಮತ್ತೆ ಗೆಸ್ಟ್ ಅನ್ನು ಕೊಂದರೆ ಹೋಸ್ಟ್ ಟರ್ಮಿನಲ್‌ನಲ್ಲಿ ಒತ್ತಿದ ಅಕ್ಷರ ಕಾಣುವುದಿಲ್ಲ.

ಟ್ಯಾಪ್‌ತಿಪ್ಪೇಶ:

ಮ್ಯಾಕ್ ಹೇಳದಿದ್ದರೆ ಡ್ರೈವರ್ ಪ್ರತಿ ಸಲ ಯಾದೃಚ್ಛಿಕ ವಿಳಾಸ ಹುಟ್ಟಿಸುತ್ತದೆ, ಡಿಎಚ್‌ಸಿಪಿಗೆ ದಿನವೂ ಹೊಸ ನೆಂಟ. ವೆಕ್0 ಸಾಲಿನ ಕೊನೆಗೆ ಅಲ್ಪವಿರಾಮ ಹಾಕಿ ಮ್ಯಾಕ್=02:00:00:00:01:01 ಸೇರಿಸಿ. ಮೊದಲ ಜೋಡಿ 02 ಇರಲಿ, ಸ್ಥಳೀಯವಾಗಿ ಇಟ್ಟುಕೊಂಡ ವಿಳಾಸ ಎಂಬ ಗುರುತು ಅದು. 01, 03ರಂಥ ಬೆಸ ಸಂಖ್ಯೆಯಿಂದ ಶುರುವಾದರೆ ಮಲ್ಟಿಕಾಸ್ಟ್ ಆಗುತ್ತದೆ, ಸಾಧನಕ್ಕೆ ಅಂಥ ವಿಳಾಸ ಸಲ್ಲದು. ಎರಡನೇ ಗೆಸ್ಟ್‌ಗೆ ಕೊನೆಯ ಜೋಡಿ 02 ಮಾಡಿ, ಟ್ಯಾಪ್1 ಬೇರೆ ಹುಟ್ಟಿಸಿ.

ಟರ್ಮಿನಲ್_ತಿಮ್ಮಿ:

ಎರಡನೆಯದಕ್ಕೆ: ಎಫ್‌ಡಿ:0 ಬಳಸುವಾಗ ಯುಎಂಎಲ್ ನಿಮ್ಮ ಟರ್ಮಿನಲ್ಲನ್ನು ರಾ ಸ್ಥಿತಿಗೆ ತರುತ್ತದೆ, ಕಂಟ್ರೋಲ್-ಸಿ ಕೂಡ ಗೆಸ್ಟ್‌ಗೇ ಹೋಗಲಿ ಎಂದು. ತಾನಾಗಿ ಮುಚ್ಚಿಕೊಂಡರೆ ಹಳೆಯ ಸ್ಥಿತಿಗೆ ಮರಳಿಸುತ್ತದೆ, ಕಿಲ್ -9 ಕೊಟ್ಟರೆ ಮರಳಿಸಲು ಅದು ಬದುಕಿರುವುದಿಲ್ಲ. ಕಾಣದಿದ್ದರೂ ‘ಎಸ್‌ಟಿಟಿವೈ ಸೇನ್’ ಎಂದು ಒತ್ತಿ. ಎಂಟರ್ ಕೆಲಸ ಮಾಡದಿದ್ದರೆ ಅದರ ಬದಲು ಕಂಟ್ರೋಲ್-ಜೆ.